ಹಿರೇಗುಡ್ಡದ ಬಂಡೆಚಿತ್ರಗಳ ಕಾಲ ಯಾವುದು?

ಬಳ್ಳಾರಿ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ದೊಡ್ಡದು ಹಿರೇಗುಡ್ಡ. ಇಲ್ಲಿನ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳ ಬಗ್ಗೆ ಎಫ್. ಫಾಸೆಟ್ ಎಂಬವರು 1892ರಲ್ಲೇ ಬರೆದರು. ಕುಟ್ಟಿದ ಗೆರೆಯಲ್ಲಿ ಇಂಗಾಲ ಉಳಿಯುವುದಿಲ್ಲವಾದ್ದರಿಂದ ಅದರ ವಯಸ್ಸನ್ನು ಇಂಗಾಲ ಪರೀಕ್ಷೆಯಿಂದ ನೇರವಾಗಿ ಅಳೆಯಲಾಗದು. ಆದರೂ ಇವುಗಳಲ್ಲಿ ಹಲವು ನವಶಿಲಾಯುಗದವು ಎನ್ನಲು ಆಧಾರವಿದೆ. ಚಿತ್ರಗಳಲ್ಲಿ ಹೆಚ್ಚಾಗಿರುವುದು ಉದ್ದ ಕೊಂಬಿನ ದನಗಳು. ಇಲ್ಲಿನ ಬೂದಿದಿಬ್ಬ, ಅಂದರೆ ಸುಟ್ಟ ಸಗಣಿಯ ದಿಬ್ಬ, ದನಗಾಹಿಗಳ ನೆಲೆಯನ್ನು ತೋರಿಸುತ್ತದೆ. ಉತ್ಖನನದಲ್ಲಿ ದೊರೆತ ಸುಟ್ಟ ಧಾನ್ಯಗಳ ಇಂಗಾಲ ಪರೀಕ್ಷೆ ಆ ಜನರ ಬದುಕನ್ನು ಕ್ರಿ.ಪೂ. 2ನೇ ಸಹಸ್ರಮಾನಕ್ಕೆ ಒಯ್ಯುತ್ತದೆ.

ದನ ಸಾಕಣೆ ಇಂದಿಗೂ ಇರುವಾಗ ಈ ಚಿತ್ರಗಳು ಇತ್ತೀಚಿನವೂ ಆಗಿರಬಾರದೇಕೆ ಎಂಬ ಆಕ್ಷೇಪ ಸಹಜ. ಉತ್ತರ ಬಂಡೆಯ ಬಣ್ಣದಲ್ಲಿದೆ. ಹೊಸದಾಗಿ ಕುಟ್ಟಿದ ಗೆರೆ ತಿಳಿಬಣ್ಣದ್ದು. ಗಾಳಿ, ಮಳೆ, ಬಿಸಿಲಿಗೆ ಅದು ನಿಧಾನವಾಗಿ ಮತ್ತೆ ಕಪ್ಪಾಗುತ್ತದೆ. ಹೀಗಾಗಿ ಹೆಚ್ಚು ಕಪ್ಪಾದ ಗೆರೆ ಹೆಚ್ಚು ಹಳೆಯದು. ಬಿಸಿಲು ಬೀಳುವ ಬಂಡೆಗೂ ನೆರಳಿನ ಬಂಡೆಗೂ ಈ ವೇಗ ಒಂದೇ ಅಲ್ಲ, ನಿಜ. ಆದ್ದರಿಂದಲೇ ಗೆರೆಗಳ ಬಣ್ಣದ ಹೋಲಿಕೆ ಒಂದೇ ಬಂಡೆಯ ಒಂದೇ ಮುಖಕ್ಕೆ ಸೀಮಿತ. ಅದು ಇಸವಿ ಹೇಳದು. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನಷ್ಟೇ ಹೇಳುತ್ತದೆ. ಈ ಅನುಕ್ರಮವನ್ನು ಉತ್ಖನನದ ಕಾಲಮಾನದೊಂದಿಗೆ ಜೋಡಿಸಿದಾಗ ತೀರ್ಮಾನ ಗಟ್ಟಿಯಾಗುತ್ತದೆ.

ಗೆರೆಗಳನ್ನು ಸೀಮೆಸುಣ್ಣದಿಂದ ತಿದ್ದಬೇಡಿ, ಬಂಡೆಯನ್ನು ಉಜ್ಜಬೇಡಿ: ಇಲ್ಲಿ ಬಣ್ಣದ ವ್ಯತ್ಯಾಸವೇ ಸಾಕ್ಷ್ಯ.