ಹಚ್ಚುವುದು ಸುಲಭ, ಬಿಡಿಸುವುದು ಕಷ್ಟ

ಕಳೆದ ವರ್ಷ ನವರಾತ್ರಿಗೆಂದು ಅವ್ವ ಧಾರವಾಡದಿಂದ ಪುಣೆಗೆ ಬಂದಿದ್ದಳು. ಎಷ್ಟೋ ವರ್ಷ ಮೆಹಂದಿ ಹಚ್ಚಿಕೊಂಡವಳು, ಈ ಸಲ ಅಂಗಡಿಯಿಂದ ‘ಕಪ್ಪು ಮೆಹಂದಿ’ ಪ್ಯಾಕೆಟ್ ತಂದು ಹಚ್ಚಿಕೊಂಡಳು. ತಲೆ ತೊಳೆದು ಕನ್ನಡಿ ನೋಡಿದರೆ ಕೂದಲು ಮಸಿಯಷ್ಟು ಕಪ್ಪು, ಹಣೆಯಂಚಿಗೂ ಕಲೆ. “ಇದು ನನ್ನ ಮಾರಿ ಅಲ್ಲವಾ, ಹೆಂಗರ ಮಾಡಿ ತಗದ ಬಿಡ” ಎಂದು ಅಳುವ ದನಿಯಲ್ಲಿ ಹೇಳಿದಳು. ಅಡುಗೆಮನೆಯಿಂದ ಲಿಂಬೆಹಣ್ಣು, ಅಡುಗೆ ಸೋಡಾ ಎಲ್ಲ ಹೊರಬಂದವು. ಬಣ್ಣ ಹೋಗಲಿಲ್ಲ, ನೆತ್ತಿ ಮಾತ್ರ ಉರಿಯಿತು. ಆ ರಾತ್ರಿ ಕೂತು ಓದಿದಾಗ ತಿಳಿಯಿತು, ಈ ಪಾಡು ಬಹಳ ಹಳೆಯದು.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕವಿ ಓವಿಡ್ ತನ್ನ ‘ಅಮೋರೆಸ್’ ಕೃತಿಯ ಒಂದು ಕವಿತೆಯಲ್ಲಿ ಪ್ರೇಯಸಿಯನ್ನು ಗದರಿಸುತ್ತಾನೆ. ಬಣ್ಣ ಹಚ್ಚಬೇಡ ಎಂದರೂ ಆಕೆ ಕೇಳಲಿಲ್ಲ, ಈಗ ಬಣ್ಣ ಹಚ್ಚಲು ಕೂದಲೇ ಉಳಿದಿಲ್ಲ. ಸೆರೆಸಿಕ್ಕ ಜರ್ಮನ್ ಹೆಂಗಸರ ಕೂದಲಿನ ಟೋಪನ್ನೇ ತೊಡಬೇಕು ಎಂಬುದು ಅವನ ಮಾತು. ಆ ಕಾಲದಲ್ಲಿ ಕೂದಲು ಕಪ್ಪು ಮಾಡಲು ಸೀಸದ ಸಂಯುಕ್ತಕ್ಕೆ ಸುಣ್ಣ ಬೆರೆಸಿ ಹಚ್ಚುತ್ತಿದ್ದರು.

ಇಂದಿನ ಬಣ್ಣದ ಕಥೆ ಶುರುವಾಗುವುದು ಡಾಂಬರಿನಿಂದ. 1856ರಲ್ಲಿ ಲಂಡನ್ನಿನ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಕ್ವಿನೈನ್ ತಯಾರಿಸಲು ಹೋದಾಗ, ಆಕಸ್ಮಿಕವಾಗಿ ನೇರಳೆ ಬಣ್ಣ ಸಿಕ್ಕಿತು. ಮುಂದೆ ಅದೇ ಕಲ್ಲಿದ್ದಲಿನ ಡಾಂಬರಿನ ರಸಾಯನಶಾಸ್ತ್ರದಿಂದ ‘ಪಿಪಿಡಿ’ ಎಂಬ ವಸ್ತು ಕೂದಲಿಗೆ ಬಂತು. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶ್ಯುಲೆರ್ ಕೂದಲಿನ ಬಣ್ಣ ತಯಾರಿಸಿ, 1909ರಲ್ಲಿ ಕಂಪನಿ ಕಟ್ಟಿದ. ‘ನಿರಪಾಯಕಾರಿ ಕೂದಲ ಬಣ್ಣಗಳ ಫ್ರೆಂಚ್ ಕಂಪನಿ’ ಎಂಬುದು ಅದರ ಹೆಸರಿನ ಅರ್ಥ. ಅಪಾಯದ ಭಯ ಆಗಲೇ ಜನರಲ್ಲಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಅದೇ ಕಂಪನಿ ಇಂದಿನ ಲೊರಿಯಲ್.

1908ರಲ್ಲಿ ಪ್ರಕಟವಾದ ಕೆನಡಾದ ಕಾದಂಬರಿ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ನಲ್ಲಿ ಕೆಂಗೂದಲಿನ ಹುಡುಗಿ ಕಪ್ಪಾಗಲೆಂದು ಬೀದಿ ವ್ಯಾಪಾರಿಯಿಂದ ಬಣ್ಣ ಕೊಳ್ಳುತ್ತಾಳೆ. ಕೂದಲು ಹಸಿರಾಗುತ್ತದೆ. ಸೋಪು ಹಚ್ಚಿ ವಾರವಿಡೀ ತಿಕ್ಕಿದರೂ ಹೋಗದೆ, ಕೊನೆಗೆ ಕತ್ತರಿಸಲೇಬೇಕಾಗುತ್ತದೆ.

ತೊಳೆದರೆ ಯಾಕೆ ಹೋಗುವುದಿಲ್ಲ? ಶಾಶ್ವತ ಬಣ್ಣದಲ್ಲಿನ ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ. ಸಣ್ಣ ಅಣುಗಳು ಒಳಗೆ ಹೋಗುತ್ತವೆ. ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆದು ದೊಡ್ಡದಾಗಿಸುತ್ತದೆ. ಬಂದ ಬಾಗಿಲಿನಿಂದ ಅವು ಹೊರಹೋಗಲಾರವು. ಬಣ್ಣ ತೆಗೆಯುವ ಕಿಟ್‌ಗಳು ಈ ದೊಡ್ಡ ಅಣುಗಳನ್ನು ಮತ್ತೆ ಬಣ್ಣವಿಲ್ಲದ ಸಣ್ಣ ಅಣುಗಳಾಗಿಸುತ್ತವೆ. ಆಮೇಲೆ ಬಹಳ ಹೊತ್ತು ನೀರಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಗಾಳಿ ತಾಗಿ ಬಣ್ಣ ಮರಳುತ್ತದೆ. ಆದರೆ ಬಣ್ಣ ಹಚ್ಚುವಾಗ ಪೆರಾಕ್ಸೈಡ್ ಕಳೆದ ಕೂದಲಿನ ಸಹಜ ಬಣ್ಣ ಇದರಿಂದ ಹಿಂತಿರುಗದು. ಲೋಹದ ಲವಣವಿರುವ ಬಣ್ಣದ ಮೇಲೆ ಬ್ಲೀಚ್ ಹಾಕಿದರಂತೂ ಕೂದಲು ಬಿಸಿಯೇರಿ ಸುಟ್ಟುಹೋಗಬಹುದು.

1933ರಲ್ಲಿ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆ-ಹುಬ್ಬಿನ ಬಣ್ಣದಿಂದ ಮಹಿಳೆಯೊಬ್ಬರು ಕಣ್ಣು ಕಳೆದುಕೊಂಡರು. ಅದರಲ್ಲಿದ್ದದ್ದು ಪಿಪಿಡಿ. ಇಂಥ ಪ್ರಕರಣಗಳ ಒತ್ತಡದಿಂದ 1938ರ ಕಾನೂನು ಬಂತು. ಡಾಂಬರು ಮೂಲದ ಕೂದಲ ಬಣ್ಣಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು, ಎಚ್ಚರಿಕೆಯ ಲೇಬಲ್ ಮತ್ತು ಮೊದಲೇ ಚರ್ಮದ ಮೇಲೆ ಪರೀಕ್ಷಿಸುವ ಸೂಚನೆ ಇರಬೇಕೆಂಬ ಷರತ್ತಿನ ಮೇಲೆ. ಇಂದು ನಾವು ಓದದೆ ಎಸೆಯುವ ಆ ಸಣ್ಣಕ್ಷರದ ಚೀಟಿಯ ಹಿಂದೆ ಇಂಥ ಹೆಂಗಸರ ನೋವಿದೆ.

ಅವ್ವ ತಂದ ಪ್ಯಾಕೆಟ್ಟಿನ ಸಣ್ಣಕ್ಷರ ಓದಿದೆ. ಅದರಲ್ಲೂ ಪಿಪಿಡಿ ಇತ್ತು! ಮೆಹಂದಿ ಎಲೆಯ ಬಣ್ಣ ಕೆಂಪುಗಂದು, ಅದೊಂದರಿಂದಲೇ ಕೂದಲು ಕಪ್ಪಾಗುವುದಿಲ್ಲ ಎಂದು ಆಕೆಗೆ ಹೇಳಿದೆ. ನೆತ್ತಿಯ ಉರಿ ಇಳಿದ ಮೇಲೆ, ಎಣ್ಣೆ ಹಚ್ಚಿ ಹಣೆಯ ಕಲೆ ತೆಗೆದೆವು. ಡ್ಯಾಂಡ್ರಫ್ ಶಾಂಪೂವಿನಿಂದ ನಾಲ್ಕಾರು ಸಲ ತೊಳೆದಾಗ ಕಪ್ಪು ಸ್ವಲ್ಪ ಇಳಿಯಿತು. ಬ್ಲೀಚ್ ತರಲಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಕಾದರಾಯಿತು ಎಂದೆ.

ದೀಪಾವಳಿಯ ಹೊತ್ತಿಗೆ ಬೈತಲೆಯಲ್ಲಿ ಬೆಳ್ಳಿಗೆರೆ ಕಾಣಿಸಿತು. ಮತ್ತೆ ಹಚ್ಚೋಣವೇ ಎಂದು ಕೇಳಿದೆ. ಅವ್ವ ಕನ್ನಡಿ ನೋಡಿ ನಕ್ಕಳು. “ಬ್ಯಾಡ ಬಿಡ, ಬರ್ಲಿ. ಇದು ನನ್ನ ಮಾರಿ” ಎಂದಳು.