ಮಾಂಟ್ರಿಯಲ್ ಕೆನೇಡಿಯನ್ಸ್ ಮತ್ತು ಟೊರಾಂಟೊ ಮೇಪಲ್ ಲೀಫ್ಸ್: ಎರಡೂ ತಂಡಗಳಿಗೆ ಆಡಿದವರು

ಕೆನಡಾದ ವೃತ್ತಿಪರ ಐಸ್ ಹಾಕಿಯಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಮತ್ತು ಟೊರಾಂಟೊ ಮೇಪಲ್ ಲೀಫ್ಸ್ ತಂಡಗಳ ಪೈಪೋಟಿ ನೂರು ವರ್ಷ ದಾಟಿದೆ. ಕೆನೇಡಿಯನ್ಸ್ ತಂಡ ಹುಟ್ಟಿದ್ದು 1909ರಲ್ಲಿ. 1917ರಲ್ಲಿ ನ್ಯಾಷನಲ್ ಹಾಕಿ ಲೀಗ್ ಆರಂಭವಾದಾಗ ಟೊರಾಂಟೊ ತಂಡವೂ ಅದರ ಜೊತೆಗೇ ಕಣಕ್ಕಿಳಿಯಿತು. ಕೆಲವು ವರ್ಷ ಸೇಂಟ್ ಪ್ಯಾಟ್ರಿಕ್ಸ್ ಎಂಬ ಹೆಸರಿನಲ್ಲಿ ಆಡಿದ ಆ ತಂಡ 1927ರಲ್ಲಿ ಕಾನ್ ಸ್ಮೈಥ್ ಅವರ ಕೈಸೇರಿ ಮೇಪಲ್ ಲೀಫ್ಸ್ ಆಯಿತು. ಈ ಎರಡೂ ತಂಡಗಳ ಅಂಗಿ ತೊಟ್ಟ ಆಟಗಾರರು ಹಲವರಿದ್ದಾರೆ. ಆದರೆ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಬಂದವರು ಕಡಿಮೆ. ಹೆಚ್ಚಿನವರು ಬೇರೊಂದು ಊರನ್ನು ಹಾದು ಬಂದವರು, ಇಲ್ಲವೇ ‘ಇವರ ಆಟ ಮುಗಿಯಿತು’ ಎಂದು ಹಳೆಯ ತಂಡ ಕೈಬಿಟ್ಟವರು. ಹಾಗೆ ಕೈಬಿಟ್ಟವರಲ್ಲಿ ಕೆಲವರು ಎದುರಾಳಿಯ ಮನೆಯಲ್ಲಿ ಮತ್ತೆ ಚಿಗುರಿದ್ದೇ ಈ ಇತಿಹಾಸದ ಮುಖ್ಯ ಸಂಗತಿ.

ಪೈಪೋಟಿಯ ಬೇರು ಆಟಕ್ಕಿಂತ ಆಳದಲ್ಲಿದೆ. ಮಾಂಟ್ರಿಯಲ್ ಫ್ರೆಂಚ್ ಮಾತಾಡುವ ಕ್ಯಾಥೊಲಿಕರ ಹೆಮ್ಮೆಯ ಊರು. ಟೊರಾಂಟೊ ಇಂಗ್ಲಿಷ್ ಮಾತಾಡುವ ಪ್ರಾಟೆಸ್ಟೆಂಟರ ಹಿಡಿತದಲ್ಲಿದ್ದ ಊರು. 1942ರಿಂದ 1967ರವರೆಗೆ ಲೀಗಿನಲ್ಲಿ ಇದ್ದದ್ದೇ ಆರು ತಂಡಗಳು. 1949ರ ನಂತರ 70 ಪಂದ್ಯಗಳ ಋತುವಿನಲ್ಲಿ ಈ ಎರಡು ತಂಡಗಳು 14 ಬಾರಿ ಮುಖಾಮುಖಿಯಾಗುತ್ತಿದ್ದವು. 1947, 1951, 1959, 1960 ಮತ್ತು 1967ರಲ್ಲಿ ಲೀಗಿನ ಅಂತಿಮ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್‌ನಲ್ಲೂ ಎದುರಾದವು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಆ ಕಾಲದಲ್ಲಿ ಬೇರೆ ತಂಡದ ಅಂಗಿ ತೊಡುವುದೆಂದರೆ ಏನಾಗುತ್ತಿತ್ತು ಎಂಬುದನ್ನು ರೋಕ್ ಕ್ಯಾರಿಯೆ ಬರೆದ ‘ದ ಹಾಕಿ ಸ್ವೆಟರ್’ ಕಥೆ ಹೇಳುತ್ತದೆ. ಅಂಚೆಯಲ್ಲಿ ತಪ್ಪಾಗಿ ಬಂದ ಲೀಫ್ಸ್ ಅಂಗಿಯನ್ನು ತೊಡಬೇಕಾಗಿ ಬಂದ ಹಳ್ಳಿ ಹುಡುಗನ ಕಥೆ ಅದು. ಕೆನಡಾದ ಐದು ಡಾಲರ್ ನೋಟಿನ ಮೇಲೂ ಅದರ ಸಾಲುಗಳು ಅಚ್ಚಾಗಿದ್ದವು.

ಮೊದಲ ದಶಕದಲ್ಲಿ ಇಷ್ಟು ಬಿಗಿ ಇರಲಿಲ್ಲ. ಟೊರಾಂಟೊಗೆ 1918ರ ಕಪ್ ಗೆದ್ದುಕೊಟ್ಟ ರಕ್ಷಣಾ ಆಟಗಾರ ಹ್ಯಾರಿ ಕ್ಯಾಮರನ್ 1920ರ ಆರಂಭದಲ್ಲಿ ಮಾಂಟ್ರಿಯಲ್‌ಗೆ ಹೋಗಿ, ಅದೇ ವರ್ಷದ ಕೊನೆಗೆ ಟೊರಾಂಟೊಗೆ ಮರಳಿ, 1922ರಲ್ಲಿ ಇನ್ನೊಂದು ಕಪ್ ಗೆದ್ದರು. ಕೆನೇಡಿಯನ್ಸ್ ಮೊದಲ ಬಾರಿ ಸ್ಟಾನ್ಲಿ ಕಪ್ ಗೆದ್ದ 1916ರ ತಂಡದಲ್ಲಿದ್ದ ಬರ್ಟ್ ಕಾರ್ಬೊ ಹ್ಯಾಮಿಲ್ಟನ್ ಮೂಲಕ 1923ರಲ್ಲಿ ಟೊರಾಂಟೊ ಸೇರಿದರು. ತಂಡದ ಹೆಸರು ಮೇಪಲ್ ಲೀಫ್ಸ್ ಎಂದು ಬದಲಾದಾಗಲೂ ಅವರು ಅಲ್ಲೇ ಇದ್ದರು.

ಎರಡು ತಂಡಗಳ ನಡುವಿನ ಅತ್ಯಂತ ನೇರವಾದ ಅದಲುಬದಲು ನಡೆದದ್ದು 1933ರ ಅಕ್ಟೋಬರ್‌ನಲ್ಲಿ, ಗೋಲ್‌ಕೀಪರಿಗೆ ಗೋಲ್‌ಕೀಪರ್ ಎಂಬಂತೆ. ಮಾಂಟ್ರಿಯಲ್‌ನ ಜಾರ್ಜ್ ಹೇನ್ಸ್‌ವರ್ತ್ ಟೊರಾಂಟೊಗೆ, ಟೊರಾಂಟೊದ ಲಾರ್ನ್ ಶಬೊ ಮಾಂಟ್ರಿಯಲ್‌ಗೆ. ಹೇನ್ಸ್‌ವರ್ತ್ ಸಾಮಾನ್ಯರಲ್ಲ. 1928-29ರ 44 ಪಂದ್ಯಗಳ ಋತುವಿನಲ್ಲಿ 22 ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಡಲಿಲ್ಲ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಶ್ರೇಷ್ಠ ಗೋಲ್‌ಕೀಪರಿಗೆ ಕೊಡುವ ವೆಜಿನಾ ಪ್ರಶಸ್ತಿಯನ್ನು ಮೊದಲ ಮೂರು ವರ್ಷವೂ ಅವರೇ ಪಡೆದಿದ್ದರು. ಮಾಂಟ್ರಿಯಲ್ ಬಿಡುವ ಹೊತ್ತಿಗೆ ಅವರು ಆ ತಂಡದ ನಾಯಕ. ಶಬೊ ಕೂಡ ಕಡಿಮೆಯವರಲ್ಲ. 1932ರ ಕಪ್ ಗೆದ್ದವರು. 1933ರ ಏಪ್ರಿಲ್‌ನಲ್ಲಿ ಬಾಸ್ಟನ್ ವಿರುದ್ಧ ಆರನೆಯ ಹೆಚ್ಚುವರಿ ಅವಧಿಯವರೆಗೆ ಎಳೆದ ಪಂದ್ಯದಲ್ಲಿ ಕೊನೆಯತನಕ ಗೋಲು ಬಿಡದೆ ನಿಂತವರು. ಇನ್ನೊಂದು ವಿಚಿತ್ರವೆಂದರೆ ಹೇನ್ಸ್‌ವರ್ತ್ ಹುಟ್ಟಿದ್ದು ಟೊರಾಂಟೊದಲ್ಲಿ, ಶಬೊ ಹುಟ್ಟಿದ್ದು ಮಾಂಟ್ರಿಯಲ್‌ನಲ್ಲಿ. ಹುಟ್ಟಿದೂರಿಗೆ ಮರಳಲು ಇಬ್ಬರೂ ಎದುರಾಳಿಯ ಅಂಗಿ ತೊಡಬೇಕಾಯಿತು. ಲಾಭ ಯಾರಿಗೆ ಎಂದು ಕೇಳಿದರೆ ಟೊರಾಂಟೊಗೆ ಎನ್ನಬೇಕು. ಹೇನ್ಸ್‌ವರ್ತ್ ತಂಡವನ್ನು 1935 ಮತ್ತು 1936ರ ಫೈನಲ್‌ಗಳಿಗೆ ಒಯ್ದರು. ಶಬೊ ಮಾಂಟ್ರಿಯಲ್‌ನಲ್ಲಿ ನಿಂತದ್ದು ಒಂದೇ ಋತು. ಅಲ್ಲಿಂದ ಷಿಕಾಗೊಗೆ ಹೋಗಿ 1935ರ ವೆಜಿನಾ ಗೆದ್ದರು.

ಆಮೇಲೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಅದಕ್ಕೆ ತಕ್ಕ ಕಾರಣವೂ ಸಿಕ್ಕಿತು. 1943ರಲ್ಲಿ ಸ್ಮೈಥ್ ಯುದ್ಧಸೇವೆಯಲ್ಲಿ ವಿದೇಶದಲ್ಲಿದ್ದಾಗ ಅವರ ಸಹಾಯಕ ಫ್ರಾಂಕ್ ಸೆಲ್ಕಿ, ಮಾಂಟ್ರಿಯಲ್ ವಶದಲ್ಲಿದ್ದ ಟೆಡ್ ಕೆನಡಿ ಎಂಬ ಹುಡುಗನನ್ನು ಫ್ರಾಂಕ್ ಎಡೋಲ್ಸ್‌ಗೆ ಬದಲಾಗಿ ಟೊರಾಂಟೊಗೆ ತಂದರು. ತನ್ನನ್ನು ಕೇಳದೆ ಮಾಡಿದ್ದಕ್ಕೆ ಸ್ಮೈಥ್ ಸಿಟ್ಟಾದರು. ಕೆನಡಿ ಮುಂದೆ ಲೀಫ್ಸ್ ಪರ ಐದು ಕಪ್ ಗೆದ್ದರು, ತಂಡದ ನಾಯಕರೂ ಆದರು. ಇತ್ತ ಸ್ಮೈಥ್ ಜೊತೆ ಮನಸ್ತಾಪ ಬೆಳೆದು 1946ರಲ್ಲಿ ಟೊರಾಂಟೊ ಬಿಟ್ಟ ಸೆಲ್ಕಿ ಸೀದಾ ಮಾಂಟ್ರಿಯಲ್ ಸೇರಿ, ಊರೂರಿನ ಎಳೆಯ ಆಟಗಾರರನ್ನು ಹೆಕ್ಕಿ ಬೆಳೆಸುವ ವ್ಯವಸ್ಥೆ ಕಟ್ಟಿದರು. 1956ರಿಂದ 1960ರವರೆಗೆ ಸತತ ಐದು ಕಪ್ ಗೆದ್ದ ತಂಡ ಅದರ ಫಲ. ಕೆನಡಿ ಮಾಂಟ್ರಿಯಲ್‌ಗೆ ಆಡಲಿಲ್ಲ, ಎಡೋಲ್ಸ್ ಟೊರಾಂಟೊಗೆ ಆಡಲಿಲ್ಲ. ಆದರೂ ಎರಡು ತಂಡಗಳ ನಡುವೆ ದಾಟಿಹೋದವರಲ್ಲಿ ಇತಿಹಾಸವನ್ನು ಹೆಚ್ಚು ಬದಲಿಸಿದವರು ಅಂಗಣಕ್ಕಿಳಿಯದ ಈ ಸೆಲ್ಕಿಯೇ ಎಂಬುದರಲ್ಲಿ ಅನುಮಾನವಿಲ್ಲ.

ಆಗ ಆಟಗಾರರಿಗೆ ತಮ್ಮ ತಂಡವನ್ನು ತಾವೇ ಆರಿಸಿಕೊಳ್ಳುವ ಹಕ್ಕಿರಲಿಲ್ಲ. ಕರಾರು ಮುಗಿದರೂ ಹಕ್ಕು ತಂಡದ ಕೈಯಲ್ಲೇ. ಪ್ರತಿ ವರ್ಷ ತಂಡಗಳು ತಮಗೆ ಬೇಕಾದವರನ್ನು ಕಾಯ್ದಿಟ್ಟುಕೊಂಡು ಉಳಿದವರನ್ನು ಇತರರ ಆಯ್ಕೆಗೆ ಬಿಡಬೇಕಿತ್ತು. ಎದುರಾಳಿಗೆ ದಾಟಲು ಇದ್ದ ಮುಖ್ಯ ಸಂದಿ ಅದು. ಮಾಂಟ್ರಿಯಲ್‌ನಲ್ಲಿ ನಾಲ್ಕು ಕಪ್ ಗೆದ್ದಿದ್ದ ಬರ್ಟ್ ಓಲ್ಮ್‌ಸ್ಟೆಡ್ ಅವರನ್ನು ಟೊರಾಂಟೊ 1958ರಲ್ಲಿ ಹೀಗೆ ಎತ್ತಿಕೊಂಡಿತು. ಅವರ ಕಟ್ಟುನಿಟ್ಟು ಎಳೆಯರ ತಂಡಕ್ಕೆ ಅಂಟಿತು. 1962ರ ಕಪ್ ಟೊರಾಂಟೊಗೆ ಬಂತು. ಎರಡು ಬಾರಿ ಲೀಗಿನಲ್ಲೇ ಅತಿ ಹೆಚ್ಚು ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ್ದ ಡಿಕಿ ಮೂರ್, ಮಾಂಟ್ರಿಯಲ್‌ನಿಂದ ನಿವೃತ್ತರಾಗಿ 1964ರಲ್ಲಿ ಇದೇ ದಾರಿಯಲ್ಲಿ ಟೊರಾಂಟೊಗೆ ಬಂದರು. ಮೊಣಕಾಲು ನೋವಿನಿಂದ ಬಳಲಿದ್ದ ಅವರಿಗೆ ಅಲ್ಲಿ ಒಂದೇ ಋತು.

ದೊಡ್ಡ ಹೆಸರುಗಳು ಎರಡು. ಒಂದು ಫ್ರಾಂಕ್ ಮಹಾವ್ಲಿಚ್. 1960-61ರಲ್ಲಿ 48 ಗೋಲು ಹೊಡೆದ, ಟೊರಾಂಟೊಗೆ ನಾಲ್ಕು ಕಪ್ ಗೆದ್ದುಕೊಟ್ಟ ಈ ನೀಳಕಾಯದ ಆಟಗಾರ ತರಬೇತುದಾರ ಪಂಚ್ ಇಮ್ಲಾಕ್ ಅವರ ಗದರಿಕೆಯಿಂದ ನಲುಗಿ, 1967ರಲ್ಲಿ ಮಾನಸಿಕ ಒತ್ತಡದಿಂದ ಆಸ್ಪತ್ರೆ ಸೇರಬೇಕಾಯಿತು. ಮರುವರ್ಷ ಡೆಟ್ರಾಯಿಟ್‌ಗೆ, 1971ರ ಜನವರಿಯಲ್ಲಿ ಮಾಂಟ್ರಿಯಲ್‌ಗೆ. ಅಲ್ಲಿ ತಮ್ಮ ಪೀಟರ್ ಮೊದಲೇ ಇದ್ದರು. ಆ ವಸಂತದಲ್ಲಿ ಕಪ್ ನಿರ್ಧರಿಸುವ ಪ್ಲೇಆಫ್ ಸುತ್ತುಗಳಲ್ಲಿ ಮಹಾವ್ಲಿಚ್ 14 ಗೋಲು ಹೊಡೆದರು, ಕಪ್ ಮಾಂಟ್ರಿಯಲ್‌ಗೆ ಬಂತು, 1973ರಲ್ಲಿ ಇನ್ನೊಮ್ಮೆ. ಟೊರಾಂಟೊ ಅವರಿಂದ ದುಡಿಮೆ ಪಡೆಯಿತು, ನೆಮ್ಮದಿ ಕೊಡಲಿಲ್ಲ. ಮಾಂಟ್ರಿಯಲ್ ಎರಡನ್ನೂ ಕೂಡಿಸಿತು.

ಇನ್ನೊಬ್ಬರು ಜಾಕ್ ಪ್ಲಾಂಟ್. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಪಕ್ (ಆಟದ ರಬ್ಬರ್ ಬಿಲ್ಲೆ) ಬಡಿದು ಮುಖ ಸೀಳಿದಾಗ, ಮುಖವಾಡ ಇಲ್ಲದೆ ಇಳಿಯುವುದಿಲ್ಲ ಎಂದು ಪಟ್ಟು ಹಿಡಿದು ಗೋಲ್‌ಕೀಪಿಂಗ್‌ನ ದಾರಿಯನ್ನೇ ಬದಲಿಸಿದವರು. ಮಾಂಟ್ರಿಯಲ್‌ಗೆ ಆರು ಕಪ್ ಗೆದ್ದುಕೊಟ್ಟ ಅವರನ್ನು ತಂಡ 1963ರಲ್ಲಿ ಕಳಿಸಿಬಿಟ್ಟಿತು. ಒಮ್ಮೆ ನಿವೃತ್ತರಾಗಿ, ಸೇಂಟ್ ಲೂಯಿಸ್‌ನಲ್ಲಿ ಮತ್ತೆ ಆಟಕ್ಕಿಳಿದು, 1970ರಲ್ಲಿ ಟೊರಾಂಟೊಗೆ ಬಂದರು. ಆ ಋತುವಿನಲ್ಲಿ 42 ತುಂಬಿದ ಅವರು ಪಂದ್ಯಕ್ಕೆ ಸರಾಸರಿ 1.88 ಗೋಲು ಮಾತ್ರ ಬಿಟ್ಟು ಇಡೀ ಲೀಗಿನಲ್ಲಿ ಮೊದಲಿಗರಾದರು. ಅಲ್ಲಿ ಅವರಿಂದ ಕಲಿತ ಬರ್ನಿ ಪೇರೆಂಟ್ ಮುಂದೆ ಫಿಲಡೆಲ್ಫಿಯಾಕ್ಕೆ ಎರಡು ಕಪ್ ಗೆದ್ದುಕೊಟ್ಟರು.

1981ರಿಂದ 1998ರವರೆಗೆ ಎರಡು ತಂಡಗಳೂ ಬೇರೆ ಬೇರೆ ವಿಭಾಗಗಳಲ್ಲಿದ್ದವು. ಮುಖಾಮುಖಿ ಕಡಿಮೆಯಾದಂತೆ ಹಿಂಜರಿಕೆಯೂ ಸಡಿಲಾಯಿತು. 1988ರ ನವೆಂಬರ್‌ನಲ್ಲಿ ಟೊರಾಂಟೊ ವೇಗದ ಆಟಗಾರ ರಸ್ ಕೋರ್ಟ್‌ನಲ್ ಅವರನ್ನು ಮಾಂಟ್ರಿಯಲ್‌ಗೆ ಕೊಟ್ಟು ಹೊಡೆದಾಟಕ್ಕೆ ಹೆಸರಾದ ಜಾನ್ ಕೋರ್ಡಿಕ್ ಅವರನ್ನು ಪಡೆದದ್ದು ಕೆಟ್ಟ ವ್ಯಾಪಾರ. ಲೀಫ್ಸ್ ಅಭಿಮಾನಿಗಳು ಅದನ್ನು ಇಂದಿಗೂ ಮರೆತಿಲ್ಲ. 1993ರ ಕಥೆ ಇನ್ನೂ ಸುತ್ತುಬಳಸಿನದು. ಹಿಂದಿನ ವರ್ಷದ ಜನವರಿಯಲ್ಲಿ ಟೊರಾಂಟೊ ಗ್ಯಾರಿ ಲೀಮನ್ ಮೊದಲಾದವರನ್ನು ಕ್ಯಾಲ್ಗರಿಗೆ ಕೊಟ್ಟು ಡಗ್ ಗಿಲ್ಮೋರ್ ಮತ್ತಿತರರನ್ನು ತಂದಿತ್ತು. ಗಿಲ್ಮೋರ್ 1992-93ರಲ್ಲಿ 127 ಅಂಕ ಗಳಿಸಿ ತಂಡವನ್ನು ಫೈನಲ್‌ನ ಹೊಸ್ತಿಲವರೆಗೆ ತಂದರು. ಲಾಸ್ ಏಂಜಲೀಸ್ ಏಳನೆಯ ಪಂದ್ಯದಲ್ಲಿ ತಡೆಯಿತು. ಲಾಸ್ ಏಂಜಲೀಸನ್ನು ಸೋಲಿಸಿ ಕಪ್ ಎತ್ತಿದ್ದು ಮಾಂಟ್ರಿಯಲ್. ಆ ತಂಡದಲ್ಲಿದ್ದವರು ಇದೇ ಲೀಮನ್, ಟೊರಾಂಟೊದ ಮಾಜಿ ನಾಯಕ ರಾಬ್ ರಾಮೇಜ್, ಜೊತೆಗೆ ಟೊರಾಂಟೊದಲ್ಲೇ ವೃತ್ತಿ ಆರಂಭಿಸಿದ ಮಾಂಟ್ರಿಯಲ್ ಹುಡುಗ ವಿನ್ಸೆಂಟ್ ಡಾಂಫೂಸ್. ಆ ವರ್ಷ ಮಾಂಟ್ರಿಯಲ್ ಪರ ಅತಿ ಹೆಚ್ಚು ಅಂಕ ಗಳಿಸಿದವರು ಡಾಂಫೂಸ್ ಅವರೇ.

ಗಿಲ್ಮೋರ್ ಕೂಡ 2001ರಲ್ಲಿ ಮಾಂಟ್ರಿಯಲ್‌ಗೆ ಬಂದರು. 1989ರಲ್ಲಿ ಕ್ಯಾಲ್ಗರಿ ಪರ ಮಾಂಟ್ರಿಯಲ್‌ನ ಫೋರಂ ಅಂಗಣದಲ್ಲೇ ಕಪ್ ನಿರ್ಧರಿಸಿದ ಗೋಲು ಹೊಡೆದಿದ್ದವರನ್ನು ಆ ಊರು ತನ್ನವರೆಂದೇ ಸ್ವೀಕರಿಸಿತು. 2003ರ ಮಾರ್ಚ್‌ನಲ್ಲಿ ಟೊರಾಂಟೊ ಅವರನ್ನು ಮರಳಿ ಕರೆಸಿಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರ ಆಟ ಮುಗಿಯಿತು.

ಕರಾರು ಮುಗಿದವರು ಬೇಕಾದ ತಂಡ ಸೇರಬಹುದೆಂಬ ನಿಯಮ ಸಡಿಲಗೊಳ್ಳುತ್ತ ಬಂದಂತೆ ಎರಡೂ ಕಡೆ ಆಡುವುದು ಅಪರೂಪವಾಗಿ ಉಳಿಯಲಿಲ್ಲ. ಡಾರ್ಸಿ ಟಕರ್, ಶೇನ್ ಕೋರ್ಸನ್, ತೊಮಾಶ್ ಕಾಬರ್ಲೆ, ಮೈಕ್ ಕೊಮಿಸಾರೆಕ್, ಮ್ಯಾಕ್ಸ್ ಡೋಮಿ ಹೀಗೆ ದಾಟಿದ ಕೆಲವರು. 2021ರಲ್ಲಿ, 1979ರ ನಂತರ ಮೊದಲ ಬಾರಿಗೆ, ಎರಡು ತಂಡಗಳು ಪ್ಲೇಆಫ್‌ನಲ್ಲಿ ಎದುರಾದವು. 2012ರಲ್ಲಿ ಎಳೆಯ ಆಟಗಾರರನ್ನು ತಂಡಗಳಿಗೆ ಹಂಚುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಮಾಂಟ್ರಿಯಲ್ ಮೂರನೆಯ ಆಯ್ಕೆಯಾಗಿ ಆರಿಸಿ, ಆರು ಋತು ಆಡಿಸಿ ಕಳಿಸಿದ್ದ ಅಲೆಕ್ಸ್ ಗಾಲ್ಚೆನ್ಯುಕ್ ಈ ಬಾರಿ ಟೊರಾಂಟೊ ಪರ ಇದ್ದರು. ಏಳು ಪಂದ್ಯಗಳ ಸರಣಿಯಲ್ಲಿ ಟೊರಾಂಟೊ 3-1ರಿಂದ ಮುಂದಿತ್ತು. ಐದನೆಯ ಪಂದ್ಯದ ಹೆಚ್ಚುವರಿ ಅವಧಿ ಶುರುವಾಗಿ ಒಂದು ನಿಮಿಷ ತುಂಬುವ ಮೊದಲೇ ಗಾಲ್ಚೆನ್ಯುಕ್ ಕೊಟ್ಟ ಪಾಸ್ ಎದುರಾಳಿಗೆ ಸಿಕ್ಕಿ, ನಿಕ್ ಸುಜುಕಿ ಗೋಲು ಹೊಡೆದರು. ಮಾಂಟ್ರಿಯಲ್ ಉಳಿದೆರಡು ಪಂದ್ಯಗಳನ್ನೂ ಗೆದ್ದು ಸರಣಿ ತನ್ನದಾಗಿಸಿಕೊಂಡು, ಆ ವರ್ಷ ಫೈನಲ್‌ವರೆಗೂ ಹೋಯಿತು.