ವಾಲ್ವ್ ರೇಡಿಯೊ: ಸಂಗ್ರಹ ಮತ್ತು ದುರಸ್ತಿ

ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ವಾಲ್ವ್‌ಗಳಿಂದ ನಡೆಯುವ ರೇಡಿಯೊಗಳನ್ನು ಕಲೆಹಾಕಿ ಮತ್ತೆ ನುಡಿಸುವ ಹವ್ಯಾಸ. ಕರ್ನಾಟಕದಲ್ಲಿ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಹೆಚ್ಚು ಪರಿಚಿತ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಸ್ಥಾಪನೆ 1954) ವಾಲ್ವ್‌ಗಳನ್ನೂ ತಯಾರಿಸುತ್ತಿತ್ತು. ಇಂಥ ಸೆಟ್ಟಿನಲ್ಲಿ ಕೇಳಲು ದಾಂಡೇಲಿಯ ಬಂಗೂರನಗರ, ಹಳಿಯಾಳ ಭಾಗಕ್ಕೆ ಸನಿಹದ ನಿಲಯ 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ. ಅದರ ಮಧ್ಯಮ ತರಂಗ 765 ಕಿಲೋಹರ್ಟ್ಸ್.

ದುರಸ್ತಿ: ಮಳೆಗಾಲದ ತೇವಕ್ಕೆ ಕಾಗದದ ಕೆಪಾಸಿಟರ್‌ಗಳು ಕೆಡುತ್ತವೆ, ಪ್ಲೈವುಡ್ ಪದರ ಬಿಡುತ್ತದೆ. ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಹಳೆಯ ಕೆಪಾಸಿಟರ್ ಬದಲಿಸಿ, ಸೀರೀಸ್‌ನಲ್ಲಿ 60 ವ್ಯಾಟ್ ಬಲ್ಬ್ ಜೋಡಿಸಿ ಕರೆಂಟ್ ಕೊಡುತ್ತಾರೆ. ಬಲ್ಬ್ ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆಯೆಂದೇ ಅರ್ಥ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 250 ವೋಲ್ಟಿನಷ್ಟು ಉಳಿದಿರಬಹುದು. ಅದನ್ನು ಬರಿದು ಮಾಡಿಯೇ ಕೈ ಹಾಕಬೇಕು.